ಮುಯ್ಯಾಳಿನ ವಿದ್ಯೆ

ಬಿಳಿಗಿರಿರಂಗನ ಬೆಟ್ಟದ ಮಗ್ಗುಲಿನ ಯಳಂದೂರು ಸೀಮೆಯಲ್ಲಿ ಮಾಂಬಳ್ಳಿಯ ಹೆಸರು ರೇಷ್ಮೆಯೊಡನೆ ಬೆಸೆದುಕೊಂಡು ಬಂದಿದೆ. ಸರ್ಕಾರದ ರೇಷ್ಮೆ ಕಾರ್ಖಾನೆಯನ್ನು ಕಂಡ ಊರು ಅದು. ಗೂಡಿನಿಂದ ನೂಲು ಬಿಚ್ಚುವುದನ್ನು ಬಲ್ಲವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಒಂದು ಗೂಡಿನ ಎಳೆ ನೂರಾರು ಮೀಟರು ಉದ್ದವಿದ್ದರೂ ಅದೊಂದೇ ಮಗ್ಗದ ಸೆಳೆತಕ್ಕೆ ತಡೆಯಲಾರದು. ಬಿಸಿನೀರಿನಲ್ಲಿ ಬೆಂದ ಹಲವು ಗೂಡುಗಳ ಎಳೆಗಳನ್ನು ಒಟ್ಟಿಗೆ ಎತ್ತಿಕೊಂಡು ಬಿಚ್ಚಿದರೆ ಮಾತ್ರ ಅದು ನೂಲೆನಿಸಿಕೊಳ್ಳುತ್ತದೆ. ಒಂದು ಗೂಡು ಮುಗಿದ ಕಡೆ ಇನ್ನೊಂದರ ಎಳೆಯನ್ನು ತಪ್ಪದೆ ಸೇರಿಸುತ್ತ ಹೋಗುವುದರಲ್ಲಿಯೇ ಬಿಚ್ಚುವವರ ಕೈಚಳಕವಿದೆ.

ಬೇಸಾಯಗಾರರ ನಡುವೆಯೂ ಇದೇ ನ್ಯಾಯ ಹಿಂದಿನಿಂದ ನಡೆದುಬಂದಿದೆ. ನಾಟಿಯ ಕಾಲದಲ್ಲಿ ಒಬ್ಬನ ಗದ್ದೆಗೆ ನಾಲ್ಕು ಮನೆಯವರು ಹೋಗಿ ದುಡಿಯುವುದು, ಮುಂದೆ ಅವನು ಆ ನಾಲ್ವರ ಗದ್ದೆಗಳಿಗೂ ಹೋಗಿ ಋಣವನ್ನು ತೀರಿಸುವುದು. ಇದಕ್ಕೆ ಮುಯ್ಯಾಳು ಎಂದು ಹೆಸರು. ಅಲ್ಲಿ ಕೂಲಿಯ ಲೆಕ್ಕವಿಲ್ಲ. ಹಾಗೆಂದು ಲೆಕ್ಕವೇ ಇಲ್ಲವೆಂದಲ್ಲ. ಯಾರ ಕೈ ಚುರುಕು, ಯಾರ ಮಾತು ನಂಬುವಂಥದು, ಬಿಸಿಲೇರುತ್ತಲೇ ನೆರಳು ಹುಡುಕುವವರು ಯಾರು ಎಂಬುದೆಲ್ಲ ಒಂದು ದಿನದ ನಾಟಿಯಲ್ಲಿಯೇ ಊರಿಗೆ ತಿಳಿದುಹೋಗುತ್ತದೆ. ಹೊಸದಾಗಿ ಕೆಲಸಕ್ಕಿಳಿದ ಹುಡುಗನು ಹಿರಿಯರ ಸಾಲಿನಲ್ಲಿ ನಿಂತು ಪೈರು ನೆಡುವುದನ್ನು ಕಲಿಯುವುದೂ ಆ ದಿನವೇ.

ಗಣಕಯಂತ್ರದ ಲೋಕದಲ್ಲಿ ಈ ಮುಯ್ಯಾಳಿನ ಪದ್ಧತಿ ಬೇರೊಂದು ಹೆಸರಿನಿಂದ ನಡೆಯುತ್ತಿದೆ. ಮುಕ್ತ ತಂತ್ರಾಂಶದ ಹ್ಯಾಕಥಾನ್ ಎಂಬುದು ಆ ಹೆಸರು. ಮೈಸೂರಿನಲ್ಲಿಯೋ ಚಾಮರಾಜನಗರದಲ್ಲಿಯೋ ಇಂಜಿನಿಯರಿಂಗ್ ಓದುತ್ತಿರುವ ಮಾಂಬಳ್ಳಿಯ ಕಡೆಯ ಹುಡುಗನೊಬ್ಬ ರಜೆಗೆ ಊರಿಗೆ ಬಂದು, ಮುಂದಿನ ಶನಿವಾರ ಭಾನುವಾರ ಇಂಥದೊಂದು ಕೂಟಕ್ಕೆ ಹೋಗುವುದಾಗಿ ಮನೆಯಲ್ಲಿ ಹೇಳಿದನೆಂದು ಭಾವಿಸಬಹುದು. “ಅಲ್ಲಿ ಸಂಬಳ ಕೊಟ್ಟಾರಾ ಕೂಸು?” ಎಂದು ತಂದೆ ಕೇಳುತ್ತಾನೆ. “ಇಲ್ಲಪ್ಪ.” “ಮಾರ್ಕು?” “ಅದೂ ಇಲ್ಲ.” “ಮತ್ತೆ ಎರಡು ದಿವಸ ಯಾಕೆ ಹಾಳುಮಾಡೋದು?”

ತಂದೆಯ ಪ್ರಶ್ನೆ ನ್ಯಾಯವಾದುದೇ. ಸಾಲಮಾಡಿ ಮಗನನ್ನು ಓದಿಸುವ ಮನೆಯಲ್ಲಿ ಬಸ್ಸಿನ ಚಾರ್ಜೂ ಲೆಕ್ಕಕ್ಕೆ ಬರುತ್ತದೆ. ಓದಿನ ಹೊತ್ತು ಅದಕ್ಕಿಂತ ಹೆಚ್ಚಾಗಿ ಲೆಕ್ಕಕ್ಕೆ ಬರುತ್ತದೆ. ‘ಕಾಲ ಬದಲಾಗಿದೆ, ನಿಮಗೆ ತಿಳಿಯದು’ ಎಂದು ಹೇಳಿ ಮಗನು ಹೊರಟುಬಿಟ್ಟರೆ ಅದು ಉತ್ತರವಾಗುವುದಿಲ್ಲ. ಈ ಎರಡು ದಿನಗಳಲ್ಲಿ ವಿದ್ಯಾರ್ಥಿಗೆ ನಿಜವಾಗಿ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಲೇಸು.

ಹೆಸರು ಹುಟ್ಟಿದ ಬಗೆ

ಗಣಕಯಂತ್ರವನ್ನು ನಡೆಸುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಅಂಗಡಿಯಲ್ಲಿ ದೊರೆಯುವ ತಂತ್ರಾಂಶ ನೇಯ್ದು ಮುಗಿಸಿದ ಕೊಳ್ಳೇಗಾಲದ ಸೀರೆಯಂತೆ. ಉಡಬಹುದು, ಆದರೆ ಅದರ ನಕ್ಷೆ ನೇಯಿಸಿದವರ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಮುಕ್ತ ತಂತ್ರಾಂಶದಲ್ಲಿ ಸೀರೆಯೊಡನೆ ನಕ್ಷೆಯನ್ನೂ ಕೊಡುತ್ತಾರೆ. ಅದನ್ನು ಯಾರು ಬೇಕಾದರೂ ನೋಡಬಹುದು, ಅಂಚನ್ನು ಬದಲಿಸಬಹುದು, ಬದಲಿಸಿದ್ದನ್ನು ಇತರರಿಗೆ ಹಂಚಬಹುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಈ ತತ್ತ್ವವನ್ನು ಹಿಡಿದು ಗ್ನೂ ಎಂಬ ಯೋಜನೆಯನ್ನು ಸಾರಿದರು. 1991ರ ಆಗಸ್ಟಿನಲ್ಲಿ ಫಿನ್‌ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ತಾನು ಬರೆಯುತ್ತಿದ್ದ ಲಿನಕ್ಸ್ ತಂತ್ರಾಂಶದ ಸುದ್ದಿಯನ್ನು ಹೊರಗೆ ತಿಳಿಸಿ, ಕಂಡವರ ಸಲಹೆಯನ್ನು ಬೇಡಿದ. ಆಗ ಅವನ ವಯಸ್ಸು 21. ಇಂದು ಕನ್ನಡನಾಡಿನ ಮನೆಮನೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಡಲಲ್ಲಿ ಕೆಲಸಮಾಡುತ್ತಿರುವುದು ಆ ಲಿನಕ್ಸೇ.

‘ಹ್ಯಾಕರ್’ ಎಂದೊಡನೆ ಬ್ಯಾಂಕಿನ ಖಾತೆಗೆ ಕನ್ನಹಾಕುವ ಕಳ್ಳನೆಂದು ಓದುಗರು ಬೆದರಬೇಕಾಗಿಲ್ಲ. ಪತ್ರಿಕೆಗಳಿಂದಾಗಿ ಆ ಮಾತಿಗೆ ಅಂಥ ಅರ್ಥ ಅಂಟಿಕೊಂಡಿತು. ಯಂತ್ರದ ಒಳಹೊರಗನ್ನು ಬಲ್ಲ, ಅದರೊಡನೆ ಆಟವಾಡುವ ಜಾಣನೆಂಬುದು ಅದರ ಹಳೆಯ ಅರ್ಥ. ಅದಕ್ಕೆ ಮ್ಯಾರಥಾನ್ ಓಟದ ಬಾಲ ಸೇರಿ ಹ್ಯಾಕಥಾನ್ ಎಂಬ ಸಮಾಸ ಹುಟ್ಟಿತು.

ಈ ಸಮಾಸದ ಜನನಕ್ಕೆ ಒಂದು ಸ್ವಾರಸ್ಯವಾದ ಕಥೆಯಿದೆ. ಓಪನ್ ಬಿಎಸ್‌ಡಿ ಎಂಬ ಮುಕ್ತ ತಂತ್ರಾಂಶವನ್ನು ಕಟ್ಟುತ್ತಿದ್ದ ಹತ್ತು ಮಂದಿ 1999ರ ಜೂನ್ 4ರಂದು ಕೆನಡದ ಕ್ಯಾಲ್ಗರಿ ನಗರದಲ್ಲಿ ಒಂದೆಡೆ ಕೂಡಿದರು. ಗುಪ್ತಲಿಪಿಯ ತಂತ್ರಾಂಶವನ್ನು ಹೊರದೇಶಕ್ಕೆ ಕಳುಹಿಸುವುದಕ್ಕೆ ಅಮೆರಿಕದಲ್ಲಿ ಆಗ ಕಾನೂನಿನ ತೊಡಕಿತ್ತು. ಕೆನಡದಲ್ಲಿ ಕುಳಿತು ಬರೆದರೆ ಆ ತೊಡಕಿರಲಿಲ್ಲ. ದೂರದೂರದಿಂದ ಪತ್ರಮುಖೇನ ದುಡಿಯುತ್ತಿದ್ದವರು ಒಂದೇ ಸೂರಿನ ಕೆಳಗೆ ಕುಳಿತು ಕೆಲಸ ಮುಗಿಸಲು ಮಾಡಿದ ಉಪಾಯ ಅದು. ಅದೇ ತಿಂಗಳು ಅಮೆರಿಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪೆನಿ ತನ್ನ ಸಮ್ಮೇಳನದಲ್ಲಿ ಇದೇ ಹೆಸರಿನಿಂದ ಒಂದು ಪಂದ್ಯವನ್ನು ನಡೆಸಿತು. ಹೀಗೆ ಹುಟ್ಟಿದ ತಿಂಗಳಿನಲ್ಲಿಯೇ ಈ ಮಾತು ಕವಲೊಡೆಯಿತು. ಒಂದು ಕವಲು ಮುಯ್ಯಾಳು; ಇನ್ನೊಂದು ಜೋಡಿ ಎತ್ತಿನ ಓಟ.

ಎರಡೂ ಇರಬೇಕಾದುವೇ. ಆದರೆ ಹೆಸರು ಒಂದೇ ಆದುದರಿಂದ ವಿದ್ಯಾರ್ಥಿಗಳೂ ತಂದೆತಾಯಿಗಳೂ ಎರಡನ್ನೂ ಬೆರೆಸಿಬಿಡುತ್ತಾರೆ. ಓಟದಲ್ಲಿ ಗೆದ್ದವನಿಗೆ ಬಹುಮಾನ, ಉಳಿದವರಿಗೆ ಧೂಳು. ಮುಯ್ಯಾಳಿನಲ್ಲಿ ಗೆಲ್ಲುವವರೇ ಇಲ್ಲ. ಆದರೆ ಪ್ರತಿಯೊಬ್ಬನೂ ನೆಟ್ಟ ಪೈರು ಗದ್ದೆಯಲ್ಲಿ ಉಳಿಯುತ್ತದೆ. ಈ ಅಂಕಣದ ವಿಷಯ ಎರಡನೆಯದು.

ಬೆಂಗಳೂರಿಗೆ ಈ ಪದ್ಧತಿ ಬಹು ಬೇಗನೆ ಬಂದಿತು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ವಾರ್ಷಿಕ ಸಮ್ಮೇಳನ ಅಲ್ಲಿ ಆರಂಭವಾಯಿತು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಎಂಬ ಹೆಸರನ್ನು ತಾಳಿತು. ಭಾಷಣಗಳನ್ನು ಕೇಳಿ ಚಪ್ಪಾಳೆ ತಟ್ಟಿ ಹೋಗುವವರು ಹೆಚ್ಚಿ, ಕೆಲಸಕ್ಕೆ ಕೈಹಚ್ಚುವವರು ಕಡಿಮೆಯಾದುದನ್ನು ಕಂಡ ಅದರ ವ್ಯವಸ್ಥಾಪಕರು 2008ರಲ್ಲಿ ಕೂಡಿ ಕುಳಿತು ತಂತ್ರಾಂಶ ಬರೆಯುವ ಗೋಷ್ಠಿಗಳಿಗೆ ಪ್ರಾಶಸ್ತ್ಯವನ್ನು ಕೊಟ್ಟರು. ಆ ಸಮ್ಮೇಳನ 2012ರಲ್ಲಿ ಕೊನೆಗಂಡಿತು. ಈಗ ಫಾಸ್ ಯುನೈಟೆಡ್ ಎಂಬ ಸಂಸ್ಥೆ ‘ಫಾಸ್ ಹ್ಯಾಕ್’ ಎಂಬ ಕೂಟವನ್ನು ನಡೆಸುತ್ತದೆ; ಊರೂರಿನ ಕೇಂದ್ರಗಳಿಗೆ ಹೋಗಿಯೂ ಸೇರಬಹುದು, ಮನೆಯಲ್ಲಿಯೇ ಕುಳಿತೂ ಸೇರಬಹುದು. ಮಾಂಬಳ್ಳಿಯಂಥ ಊರಿನ ಮಕ್ಕಳಿಗೆ ಈ ಎರಡನೆಯ ಅನುಕೂಲ ಸಾಮಾನ್ಯವಾದುದಲ್ಲ.

ಓದುವುದನ್ನು ಕಲಿಯುವುದು

ಮೊದಲನೆಯ ಲಾಭ ವಿಚಿತ್ರವೆನಿಸಬಹುದು. ಅಲ್ಲಿ ವಿದ್ಯಾರ್ಥಿ ಬರೆಯುವುದಕ್ಕಿಂತ ಮೊದಲು ಓದುವುದನ್ನು ಕಲಿಯುತ್ತಾನೆ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಪ್ರತಿಯೊಂದು ಲೆಕ್ಕವೂ ಖಾಲಿ ಹಾಳೆಯಿಂದ ಆರಂಭವಾಗುತ್ತದೆ. ಐವತ್ತು ಸಾಲು ಬರೆದರೆ ಲೆಕ್ಕ ಮುಗಿಯಿತು, ಪರೀಕ್ಷಕರು ರುಜು ಹಾಕಿದರು, ಪುಸ್ತಕ ಕಪಾಟಿಗೆ ಹೋಯಿತು. ಉದ್ಯೋಗಕ್ಕೆ ಸೇರಿದ ಮೇಲೆ ಖಾಲಿ ಹಾಳೆ ಯಾರಿಗೂ ಸಿಕ್ಕುವುದಿಲ್ಲ. ಹತ್ತು ವರ್ಷಗಳಿಂದ ಹತ್ತಾರು ಜನ ಬರೆದಿಟ್ಟ ಲಕ್ಷಾಂತರ ಸಾಲುಗಳ ನಡುವೆ ಎರಡು ಸಾಲನ್ನು ಎಲ್ಲಿ ತಿದ್ದಬೇಕೆಂಬುದೇ ಅಲ್ಲಿನ ಕೆಲಸ. ತಾಳೆಗರಿಯ ಕಾವ್ಯವೊಂದನ್ನು ಸಂಪಾದಿಸುವ ಪಂಡಿತನು ಲಿಪಿಕಾರರ ಕೈಗಳನ್ನು ಗುರುತಿಸಿ, ಪಾಠಾಂತರಗಳನ್ನು ತೂಗಿನೋಡಿ, ಆಮೇಲೆ ಒಂದು ಅಕ್ಷರವನ್ನು ತಿದ್ದುತ್ತಾನೆ. ಇದೂ ಅದೇ ಜಾತಿಯ ಶ್ರಮ. ಮುಕ್ತ ತಂತ್ರಾಂಶದಲ್ಲಿ ಮೂಲ ಬರಹವೆಲ್ಲ ತೆರೆದಿರುವುದರಿಂದ ಈ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ಓದುವ ಕಣ್ಣುಗಳು ಸಾಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ 2014ರ ಏಪ್ರಿಲಿನಲ್ಲಿ ಜಗತ್ತಿಗೆಲ್ಲ ಒಂದು ನಿದರ್ಶನ ದೊರಕಿತು. ಅಂತರಜಾಲದ ಗುಟ್ಟಿನ ವ್ಯವಹಾರಗಳನ್ನು ಕಾಯುವ ಓಪನ್ ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಒಂದು ಲೋಪ ಹೊರಬಿದ್ದಿತು. ‘ಹಾರ್ಟ್‌ಬ್ಲೀಡ್’ ಎಂದು ಅದಕ್ಕೆ ಹೆಸರಿಟ್ಟರು. ಬಂದ ಸಂದೇಶ ತಾನು ಹೇಳಿಕೊಂಡಷ್ಟು ಉದ್ದವಿದೆಯೇ ಎಂದು ಅಳೆದು ನೋಡುವ ಪರಿಶೀಲನೆಯೊಂದು ಅಲ್ಲಿ ಬಿಟ್ಟುಹೋಗಿತ್ತು. ಅಷ್ಟರಿಂದ ಅಸಂಖ್ಯಾತ ತಾಣಗಳ ಗುಟ್ಟು ಬಯಲಾಗುವ ಭಯವುಂಟಾಯಿತು. ಕೋಟ್ಯಂತರ ಜನರು ನೆಚ್ಚಿದ್ದ ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಮಂದಿ. ತೆರೆದ ಬಾಗಿಲಿದ್ದರೆ ಸಾಲದು, ಒಳಗೆ ಬಂದು ನೋಡುವವರೂ ಇರಬೇಕು ಎಂಬ ಪಾಠವನ್ನು ಆ ಪ್ರಸಂಗ ಕಲಿಸಿತು. ಹ್ಯಾಕಥಾನಿಗೆ ಹೊಸಬರನ್ನು ಕರೆಯುವುದರ ಉದ್ದೇಶಗಳಲ್ಲಿ ಇದೂ ಒಂದು.

ತಿದ್ದಿಸಿಕೊಳ್ಳುವ ಸಂಸ್ಕಾರ

ಎರಡನೆಯ ಲಾಭ ವಿನಯಕ್ಕೆ ಸಂಬಂಧಿಸಿದ್ದು. ಹುಡುಗನು ಮಾಡಿದ ತಿದ್ದುಪಡಿ ನೇರವಾಗಿ ತಂತ್ರಾಂಶಕ್ಕೆ ಸೇರಿಬಿಡುವುದಿಲ್ಲ. ಅದರ ಹೊಣೆ ಹೊತ್ತ ಹಿರಿಯರು ಅದನ್ನು ಸಾಲುಸಾಲಾಗಿ ಪರೀಕ್ಷಿಸುತ್ತಾರೆ. ಆ ಹಿರಿಯರು ಬರ್ಲಿನ್ನಿನಲ್ಲಿಯೋ ಬೆಳಗಾವಿಯಲ್ಲಿಯೋ ಇರಬಹುದು, ಹುಡುಗನ ಜಾತಿ, ಊರು, ಕಾಲೇಜು, ಅಂಕಪಟ್ಟಿ ಅವರಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ‘ಇದು ಸರಿ, ಇದು ಅನಾವಶ್ಯಕ, ಇಲ್ಲಿ ಹೆಸರು ಸ್ಪಷ್ಟವಾಗಿಲ್ಲ, ಈ ಸಂದರ್ಭವನ್ನು ನೀವು ಮರೆತಿದ್ದೀರಿ’ ಎಂದು ಅವರು ಬರೆಯುತ್ತಾರೆ. ಮೊದಲ ಸಲ ಇಂಥ ಟಿಪ್ಪಣಿಯನ್ನು ಕಂಡಾಗ ಮುಖ ಕೆಂಪಾಗುವುದು ಸಹಜ. ಎರಡನೆಯ ಸಲ ಅದರಲ್ಲಿ ವೈರವಿಲ್ಲವೆಂಬುದು ಅರಿವಾಗುತ್ತದೆ. ಮೂರನೆಯ ಸಲಕ್ಕೆ ಹುಡುಗನು ತನ್ನ ತಪ್ಪನ್ನು ತಾನೇ ಮೊದಲು ಕಾಣತೊಡಗುತ್ತಾನೆ.

ಪರೀಕ್ಷೆಯಲ್ಲಿ ತಪ್ಪಿಗೆ ಶಿಕ್ಷೆಯುಂಟು, ತಿದ್ದುಪಡಿಗೆ ಅವಕಾಶವಿಲ್ಲ. ಇಲ್ಲಿ ತಪ್ಪಿಗೆ ಶಿಕ್ಷೆಯಿಲ್ಲ; ತಿದ್ದಿಕೊಳ್ಳದೆ ಬಿಡುಗಡೆಯೂ ಇಲ್ಲ.

ಇದರ ಜೊತೆಗೆ, ಇತರರ ತಪ್ಪನ್ನು ಹೇಳುವ ಕ್ರಮವೂ ಅಭ್ಯಾಸವಾಗುತ್ತದೆ. ‘ನಿಮ್ಮ ತಂತ್ರಾಂಶ ಕೆಲಸಮಾಡುವುದಿಲ್ಲ’ ಎಂದು ಬರೆದರೆ ಯಾರೂ ಉತ್ತರಿಸುವುದಿಲ್ಲ. ತಾನು ಏನು ಮಾಡಿದೆ, ಏನಾಗಬೇಕೆಂದು ಎಣಿಸಿದ್ದೆ, ಏನಾಯಿತು, ತನ್ನ ಯಂತ್ರ ಯಾವುದು ಎಂಬ ನಾಲ್ಕು ಸಂಗತಿಗಳನ್ನು ಕ್ರಮವಾಗಿ ಬರೆಯಬೇಕು. ಕಚೇರಿಗೆ ಅರ್ಜಿ ಬರೆಯುವವರಿಗೆಲ್ಲ ಈ ಶಿಸ್ತು ಬಂದರೆ ನಾಡಿನ ಎಷ್ಟೋ ಕಡತಗಳು ಬೇಗ ವಿಲೇವಾರಿಯಾದಾವು! ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನಿಗೆ ಇಂಗ್ಲಿಷಿನಲ್ಲಿ ಬರೆಯಬೇಕಲ್ಲಾ ಎಂಬ ಅಳುಕಿರುತ್ತದೆ. ಅಲ್ಲಿ ಬೇಕಾದುದು ಷೇಕ್ಸ್‌ಪಿಯರನ ಇಂಗ್ಲಿಷಲ್ಲ. ಎಂಟು ಹತ್ತು ಸರಳ ವಾಕ್ಯಗಳು. ಕೆಲಸದ ನೆಪದಲ್ಲಿ ಬರೆದೂ ಬರೆದೂ ಆ ಭಾಷೆ ಕೈಗೆ ಹತ್ತುವಷ್ಟು ಸುಲಭವಾಗಿ ವ್ಯಾಕರಣದ ಪುಸ್ತಕದಿಂದ ಹತ್ತುವುದಿಲ್ಲ.

ಕನ್ನಡವೇ ಬಂಡವಾಳ

ಮೂರನೆಯ ಲಾಭವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಇದು ಹಳ್ಳಿಯಿಂದ ಬಂದ ಹುಡುಗನ ಆತ್ಮಗೌರವದ ಮಾತು. ನಗರದ ಕಾಲೇಜಿಗೆ ಬಂದೊಡನೆ ತನ್ನ ಕನ್ನಡ ತನಗೆ ಭಾರವೆಂದು ಅವನು ಭಾವಿಸತೊಡಗುತ್ತಾನೆ. ಮುಕ್ತ ತಂತ್ರಾಂಶದ ಕೂಟದಲ್ಲಿ ಅದೇ ಕನ್ನಡ ಅವನ ಬಂಡವಾಳವಾಗುತ್ತದೆ.

ಒಂದು ಸಣ್ಣ ಉದಾಹರಣೆ ಸಾಕು. ‘ಸೂರ್ಯ’ ಎಂದು ಬರೆಯುವಾಗ ರಕಾರ ಅರ್ಕಾವೊತ್ತಾಗಿ ಹಿಂದಕ್ಕೆ ಸರಿಯುತ್ತದೆ. ಆದರೆ ಪರೀಕ್ಷೆಯಲ್ಲಿ ಮೊದಲು ಬಂದವನಿಗೆ ಸಿಕ್ಕುವ ‘ರ‍್ಯಾಂಕ್’ ಎಂಬ ಮಾತಿನಲ್ಲಿ ರಕಾರ ನೆಟ್ಟಗೆ ನಿಂತು ಯಕಾರ ಅದರ ಕೆಳಗೆ ಒತ್ತಾಗಬೇಕು. ಗಣಕಯಂತ್ರಕ್ಕೆ ಈ ಭೇದ ತಾನಾಗಿ ತಿಳಿಯದು. ಎರಡು ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆಯನ್ನು ಇಟ್ಟು ತಿಳಿಸಬೇಕು. ತಂತ್ರಾಂಶ ಬರೆದವನಿಗೆ ಕನ್ನಡ ಬಾರದಿದ್ದರೆ ಅವನು ಆ ಚಿಹ್ನೆಯನ್ನು ಕಸವೆಂದು ಗುಡಿಸಿಹಾಕುವುದುಂಟು. ಆಗ ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಉಳಿಯುತ್ತದೆ. ಒಂದೇ ಮಾತನ್ನು ಒಬ್ಬರು ಚಿಹ್ನೆಯಿಟ್ಟೂ ಇನ್ನೊಬ್ಬರು ಇಡದೆಯೂ ಬರೆದಿದ್ದರೆ, ಹುಡುಕುವ ತಂತ್ರಾಂಶ ಅವೆರಡನ್ನೂ ಬೇರೆ ಬೇರೆ ಮಾತುಗಳೆಂದು ಭ್ರಮಿಸಿ ‘ಸಿಕ್ಕಲಿಲ್ಲ’ ಎನ್ನಬಹುದು. ಈ ದೋಷವನ್ನು ಕಂಡುಹಿಡಿಯಬಲ್ಲವನು ಕ್ಯಾಲಿಫೋರ್ನಿಯದ ಪದವೀಧರನಲ್ಲ; ಮಾಂಬಳ್ಳಿಯ ಶಾಲೆಯಲ್ಲಿ ಸ್ಲೇಟಿನ ಮೇಲೆ ಒತ್ತಕ್ಷರ ತಿದ್ದಿದ ಹುಡುಗ.

ಗಣಕಯಂತ್ರದಲ್ಲಿ ಕನ್ನಡ ಇಂದು ಇಷ್ಟರಮಟ್ಟಿಗೆ ಬೆಳಗಿರುವುದು ಇಂಥ ಕೈಗಳಿಂದಲೇ. ಕನ್ನಡದ ಕೀಲಿಮಣೆಗೆ ತರ್ಕಬದ್ಧವಾದ ವಿನ್ಯಾಸವನ್ನು ಕೊಟ್ಟವರು ಕೆ. ಪಿ. ರಾವ್. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಗಿ ಸ್ವಯಂಸೇವಕರ ಬಲದಿಂದಲೇ ನಡೆದುಬಂದಿದೆ. ‘ಗುಬ್ಬಿ’, ‘ನವಿಲು’ ಎಂಬ ಮುದ್ದಾದ ಹೆಸರುಗಳ ಅಕ್ಷರಶೈಲಿಗಳನ್ನು ಕನ್ನಡದ ತಂತ್ರಜ್ಞರು ಮುಕ್ತವಾಗಿ ಬಿಟ್ಟುಕೊಟ್ಟಿದ್ದಾರೆ. ‘ಸಂಚಯ’ ಎಂಬ ತಂಡದವರು 20,000ಕ್ಕೂ ಹೆಚ್ಚು ವಚನಗಳನ್ನು ಒಂದೆಡೆ ಸೇರಿಸಿ, ಯಾವ ಮಾತು ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆಯೆಂದು ಕ್ಷಣಾರ್ಧದಲ್ಲಿ ಹುಡುಕುವಂತೆ ಮಾಡಿದರು. ಹಿಂದೆ ಇಂಥ ಪದಸೂಚಿಯೊಂದನ್ನು ಸಿದ್ಧಪಡಿಸಲು ಸಂಶೋಧಕನು ಆಯುಷ್ಯದ ಅರ್ಧವನ್ನು ಚೀಟಿಗಳ ನಡುವೆ ಕಳೆಯಬೇಕಾಗಿತ್ತು.

ವಿ. ಕೃಷ್ಣ ಎಂಬವರ ‘ಅಲರ್’ ನಿಘಂಟಿನ ವೃತ್ತಾಂತ ಇನ್ನೂ ಮನೋಹರವಾದುದು. ಸುಮಾರು ನಾಲ್ಕು ದಶಕಗಳ ಕಾಲ ಅವರು ಒಬ್ಬರೇ ಕುಳಿತು ಕನ್ನಡ ಮಾತುಗಳಿಗೆ ಇಂಗ್ಲಿಷಿನಲ್ಲಿ ಅರ್ಥವನ್ನು ಬರೆಯುತ್ತ ಬಂದರು. ಒಂದೂವರೆ ಲಕ್ಷದಷ್ಟು ಪದಗಳು, ಎರಡು ಲಕ್ಷಕ್ಕೂ ಮೀರಿದ ಅರ್ಥಗಳು ಸೇರಿದುವು. 2019ರಲ್ಲಿ ತಂತ್ರಜ್ಞ ಕೈಲಾಶ್ ನಾಧ್ ಅವರ ನೆರವಿನಿಂದ ಅದು ಅಂತರಜಾಲದಲ್ಲಿ ಪ್ರಕಟವಾಯಿತು. ಅಷ್ಟೇ ಅಲ್ಲ, ನಿಘಂಟಿನ ಇಡೀ ದತ್ತವನ್ನು ಯಾರು ಬೇಕಾದರೂ ಬಳಸಿಕೊಳ್ಳುವಂತೆ ಮುಕ್ತ ಪರವಾನಗಿಯೊಡನೆ ಬಿಡಲಾಯಿತು. ಇಂದು ಹ್ಯಾಕಥಾನಿನಲ್ಲಿ ಕುಳಿತ ವಿದ್ಯಾರ್ಥಿ ಅದನ್ನು ಆಧಾರವಾಗಿಟ್ಟುಕೊಂಡು ಕಾಗುಣಿತ ತಿದ್ದುವ ಉಪಕರಣವನ್ನೋ ಮಕ್ಕಳ ಪದಬಂಧವನ್ನೋ ಕಟ್ಟಬಹುದು. ಒಬ್ಬರ ನಾಲ್ಕು ದಶಕಗಳ ಏಕಾಂತದ ದುಡಿಮೆಯ ತುದಿಗೆ ಇನ್ನೊಬ್ಬನ ಎರಡು ದಿನಗಳ ದುಡಿಮೆ ಎಳೆಯಾಗಿ ಸೇರಿಕೊಳ್ಳುವುದೆಂದರೆ ಇದೇ.

ತಂತ್ರಾಂಶ ಬರೆಯಲು ಬಾರದವರಿಗೂ ಇಲ್ಲಿ ಕೆಲಸವಿದೆ. ಸ್ಟೀವ್ ಕೋಸ್ಟ್ ಎಂಬವರು 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭಿಸಿದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಜಗತ್ತಿನ ಭೂಪಟವನ್ನು ಜನರೇ ಬರೆಯುತ್ತಾರೆ. ಊರಿನ ಕೆರೆ, ಸಂತೆಯ ಬಯಲು, ಶಾಲೆ, ಆಸ್ಪತ್ರೆಗೆ ಹೋಗುವ ಒಳದಾರಿ, ಇವುಗಳನ್ನು ಗುರುತಿಸಿ ಕನ್ನಡದಲ್ಲಿಯೇ ಹೆಸರು ಬರೆಯಬಹುದು. ಸ್ಥಳೀಯರ ಅರಿವು ಭೂಪಟಕ್ಕೆ ಏರಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ದೇವರ ನೆಲೆಗಳನ್ನೂ ಪೂರ್ವಿಕರ ತಾಣಗಳನ್ನೂ ಏಟ್ರೀ ಸಂಸ್ಥೆಯ ಸಂಶೋಧಕರೊಡನೆ ನಡೆದು ಗುರುತಿಸಿದರು. ನೂರಾರು ತಾಣಗಳು ನಕ್ಷೆಗೆ ಬಂದುವು. ಹಿರಿಯರ ನೆನಪಿನಲ್ಲಿ ಮಾತ್ರ ಇದ್ದ ಕಾಡು ಎಲ್ಲರೂ ಓದಬಲ್ಲ ಕಾಗದಕ್ಕೆ ಇಳಿಯಿತು. ಅದು ಹ್ಯಾಕಥಾನಲ್ಲ, ಆದರೆ ಊರಿನವರ ಅರಿವನ್ನು ಸಾರ್ವಜನಿಕ ಸ್ವತ್ತಾಗಿ ಮಾಡುವ ಕಾರ್ಯದಲ್ಲಿ ಅದಕ್ಕೆ ಅಣ್ಣನಂಥದು.

ಹಳೆಯ ಪುಸ್ತಕದ ಚಿತ್ರದಿಂದ ಅಕ್ಷರಗಳನ್ನು ಓದಿ ತೆಗೆಯುವ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನೂ ಓದುತ್ತದೆ; ಸವೆದ ಮೊಳೆಗಳ ಹಳೆಯ ಮುದ್ರಣವನ್ನು ಕಂಡರೆ ಎಡವುತ್ತದೆ. ಎಡವಿದ ಕಡೆ ತಿದ್ದಲು ಬೇಕಾದುದು ಕನ್ನಡ ಬಲ್ಲ ಕಣ್ಣು. ಮನೆಯಲ್ಲಿ ನಿವೃತ್ತರಾದ ಕನ್ನಡ ಪಂಡಿತರೊಬ್ಬರಿದ್ದರೆ ಮೊಮ್ಮಗನ ಪಕ್ಕದಲ್ಲಿ ಅವರೂ ಕುಳಿತುಕೊಳ್ಳಬಹುದು.

ಕೆಲಸವೇ ಸಾಕ್ಷಿ

ಇನ್ನು ತಂದೆಯ ಪ್ರಶ್ನೆಯ ನೆಟ್ಟನೆಯ ಭಾಗ: ಇದರಿಂದ ಅನ್ನಕ್ಕೆ ದಾರಿಯಾಗುತ್ತದೆಯೆ?

ನೇರವಾಗಿ ಆಗುವುದಿಲ್ಲ, ಬಳಸುದಾರಿಯಿಂದ ಆಗುತ್ತದೆ. ಟೊರ್ವಾಲ್ಡ್ಸ್ ಅವರೇ 2005ರಲ್ಲಿ ರೂಪಿಸಿದ ಗಿಟ್ ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಂದು ತಿದ್ದುಪಡಿಯೂ ಮಾಡಿದವರ ಹೆಸರು, ದಿನಾಂಕ, ಕಾರಣಗಳೊಡನೆ ದಾಖಲಾಗುತ್ತದೆ. ಹೀಗೆ ಸೇರಿದ ಹತ್ತು ಸಾಲು ಹತ್ತು ವರ್ಷಗಳ ಮೇಲೆಯೂ ಅಲ್ಲಿಯೇ ಇರುತ್ತದೆ. ಸಂದರ್ಶನದಲ್ಲಿ ಮಾತು ತೊದಲುವ ಹುಡುಗನು, ‘ನನ್ನ ಕೆಲಸವನ್ನು ಇಲ್ಲಿ ನೋಡಬಹುದು’ ಎಂದು ತೋರಿಸಿದರೆ ಉಳಿದ ಮಾತನ್ನು ಆ ಕೆಲಸವೇ ಆಡುತ್ತದೆ. ಪ್ರಶಸ್ತಿಪತ್ರವನ್ನು ಅಚ್ಚುಹಾಕಿಸಬಹುದು, ಅಪರಿಚಿತರ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೆಲಸವನ್ನು ಅಚ್ಚುಹಾಕಿಸಲಾಗದು.

ಗೂಗಲ್ ಕಂಪೆನಿ 2005ರಿಂದ ನಡೆಸುತ್ತ ಬಂದ ‘ಸಮ್ಮರ್ ಆಫ್ ಕೋಡ್’ ಎಂಬ ಕಾರ್ಯಕ್ರಮದಲ್ಲಿ ಆಯ್ಕೆಯಾದವರು ಮುಕ್ತ ತಂತ್ರಾಂಶಕ್ಕಾಗಿ ಕೆಲವು ತಿಂಗಳು ದುಡಿದು ವೇತನವನ್ನು ಪಡೆಯುತ್ತಾರೆ. ಭಾರತದ ವಿದ್ಯಾರ್ಥಿಗಳು ಅದರಲ್ಲಿ ದೊಡ್ಡ ಸಂಖ್ಯೆಯಲ್ಲಿ ಭಾಗವಹಿಸುತ್ತಾರೆ. ಹೆಣ್ಣುಮಕ್ಕಳನ್ನೂ ಅವಕಾಶ ವಂಚಿತರಾದ ಇತರರನ್ನೂ ಉದ್ದೇಶಿಸಿದ ‘ಔಟ್‌ರೀಚಿ’ ಎಂಬ ಯೋಜನೆ 2010ರಿಂದ ನಡೆದುಬಂದಿದೆ; ಅದರ ಮೂರು ತಿಂಗಳ ಕೆಲಸವನ್ನು ಮನೆಯಲ್ಲಿ ಕುಳಿತೇ ಮಾಡಬಹುದು, ಅದಕ್ಕೂ ವೇತನವುಂಟು. ಅಲ್ಲಿ ಅರ್ಜಿ ಹಾಕುವಾಗಲೇ ಯಾವುದಾದರೊಂದು ಯೋಜನೆಗೆ ಸಣ್ಣ ಕೊಡುಗೆಯನ್ನು ಸಲ್ಲಿಸಿರಬೇಕೆಂಬ ನಿಯಮವಿದೆ. ಹ್ಯಾಕಥಾನಿನಲ್ಲಿ ಪಳಗಿದ ಕೈಗೆ ಆ ಮೆಟ್ಟಿಲು ಕಷ್ಟವಾಗುವುದಿಲ್ಲ.

ಮಗಳನ್ನು ರಾತ್ರಿಯ ಹೊತ್ತು ಅಪರಿಚಿತ ನಗರಕ್ಕೆ ಕಳುಹಿಸಲು ಹಿಂಜರಿಯುವ ಮನೆಗಳಿಗೆ ಈ ಮಾತು ಮುಖ್ಯವಾದುದು. ಯಳಂದೂರಿನ ಹೆಣ್ಣುಮಗಳೆಂದು ಪ್ರತೀತಿಯಿರುವ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದಳು. ಅವಳು ಬರೆದ ‘ಹದಿಬದೆಯ ಧರ್ಮ’ ಅವಳ ಊಳಿಗವನ್ನು ಮೀರಿ ಉಳಿಯಿತು. ಕೆಲಸ ಕಣ್ಣೆದುರಿಗೆ ನಿಂತಾಗ ಮಾಡಿದವರ ಅಂತಸ್ತನ್ನು ಕೇಳುವವರು ಕಡಿಮೆ.

ಎಚ್ಚರಿಕೆಯ ಮಾತು

ಒಳ್ಳೆಯದೆಲ್ಲ ಆಸೆಯ ಕೈಗೆ ಸಿಕ್ಕಿ ಕೆಡುವುದುಂಟು. ಅಕ್ಟೋಬರ್ ತಿಂಗಳಿನಲ್ಲಿ ನಡೆಯುವ ‘ಹ್ಯಾಕ್ಟೋಬರ್‌ಫೆಸ್ಟ್’ ಎಂಬ ಉತ್ಸವವನ್ನು ಡಿಜಿಟಲ್ ಓಶನ್ ಕಂಪೆನಿ 2014ರಲ್ಲಿ ಆರಂಭಿಸಿತು. ನಿಗದಿಯಾದಷ್ಟು ಕೊಡುಗೆಗಳನ್ನು ಸಲ್ಲಿಸಿದವರಿಗೆ ಒಂದು ಟೀ ಶರ್ಟು ಸಿಕ್ಕುತ್ತಿತ್ತು. 2020ರಲ್ಲಿ ಅಂಗಿಯ ಆಸೆಗೆ ಬಿದ್ದ ಸಾವಿರಾರು ಮಂದಿ, ಕಂಡಕಂಡ ಯೋಜನೆಗಳಿಗೆ ಒಂದು ವಿಶೇಷಣವನ್ನೋ ಒಂದು ಚುಕ್ಕೆಯನ್ನೋ ಸೇರಿಸಿ ‘ತಿದ್ದುಪಡಿ’ಗಳನ್ನು ಕಳುಹಿಸಿಬಿಟ್ಟರು. ಅವರಲ್ಲಿ ಭಾರತದ ವಿದ್ಯಾರ್ಥಿಗಳೂ ಇದ್ದರೆಂಬುದು ತಲೆತಗ್ಗಿಸಬೇಕಾದ ಮಾತು. ಸಂಬಳವಿಲ್ಲದೆ ದುಡಿಯುತ್ತಿದ್ದ ಹಿರಿಯರು ಈ ಜೊಳ್ಳನ್ನು ತೂರುವುದರಲ್ಲಿಯೇ ದಿನ ಕಳೆಯಬೇಕಾಯಿತು. ಉತ್ಸವದ ಮೊದಲ ವಾರದಲ್ಲಿಯೇ ನಿಯಮವನ್ನು ಬದಲಿಸಿ, ತಾವಾಗಿ ಒಪ್ಪಿದ ಯೋಜನೆಗಳಿಗೆ ಮಾತ್ರ ಕೊಡುಗೆ ಸಲ್ಲಿಸಬೇಕೆಂದು ಗೊತ್ತುಮಾಡಿದರು. 2023ರಲ್ಲಿ ಅಂಗಿ ಹಂಚುವುದನ್ನೇ ನಿಲ್ಲಿಸಿದರು. ನಾಟಿಗೆಂದು ಬಂದು ಬದುವಿನ ಮೇಲೆ ಕುಳಿತು ಊಟದ ಹೊತ್ತಿಗೆ ಎಲೆಯ ಮುಂದೆ ಬಂದವನನ್ನು ಊರು ಮರೆಯುವುದಿಲ್ಲ. ಇಲ್ಲಿಯೂ ಅಷ್ಟೇ: ಹೆಸರಿನೊಡನೆ ಒಳ್ಳೆಯ ಕೆಲಸ ಉಳಿಯುವಂತೆ ಕೆಟ್ಟ ಕೆಲಸವೂ ಉಳಿಯುತ್ತದೆ.

ಇನ್ನೂ ಕೆಲವು ಮಾತುಗಳನ್ನು ಗಮನದಲ್ಲಿಡಬೇ­ಕು. ಎರಡು ದಿನಗಳಲ್ಲಿ ದೊಡ್ಡದೇನೂ ಮುಗಿಯುವುದಿಲ್ಲ. ಭಾನುವಾರದ ಸಂಜೆ ಚಪ್ಪಾಳೆ ಗಿಟ್ಟಿಸಿ ಸೋಮವಾರ ಅನಾಥವಾಗುವ ಹೊಸ ಯೋಜನೆಗಿಂತ, ಈಗಾಗಲೇ ನಡೆಯುತ್ತಿರುವ ತಂತ್ರಾಂಶದ ಒಂದು ಕುಂದನ್ನು ನೀಗಿಸುವುದು ಮೇಲು. ಕಂಪೆನಿಗಳು ನಡೆಸುವ ಪಂದ್ಯಗಳಿಗೆ ಸೇರುವಾಗ ನಿಬಂಧನೆಗಳನ್ನು ಪೂರ್ತಿ ಓದಬೇಕು. ವಿದ್ಯಾರ್ಥಿ ಬರೆದುದರ ಹಕ್ಕು ಯಾರಿಗೆ ಸೇರುತ್ತದೆಯೆಂದು ನೋಡಬೇಕು. ದೊಡ್ಡ ಪ್ರವೇಶ ಶುಲ್ಕವನ್ನು ಬೇಡಿ ಪ್ರಶಸ್ತಿಪತ್ರದ ಆಸೆ ತೋರಿಸುವ ಕೂಟಗಳಿಂದ ದೂರವಿರುವುದೇ ಜಾಣತನ. ಅಹೋರಾತ್ರಿ ನಿದ್ದೆಗೆಡುವುದರಲ್ಲಿ ಶೌರ್ಯವೇನೂ ಇಲ್ಲ. ನಿದ್ದೆಗಣ್ಣಿನಲ್ಲಿ ಬರೆದ ಸಾಲನ್ನು ಮರುದಿನ ಎಚ್ಚರದಲ್ಲಿ ಅಳಿಸಬೇಕಾಗುತ್ತದೆ.

ಹೊಸಬನು ಮಾಡಬೇಕಾದುದು ಸರಳವಾದುದು. ತಾನು ದಿನವೂ ಬಳಸುವ ಒಂದು ಮುಕ್ತ ತಂತ್ರಾಂಶವನ್ನು ಆರಿಸಿಕೊಳ್ಳಬೇಕು. ಕೂಟಕ್ಕೆ ಒಂದು ವಾರ ಮೊದಲೇ ಅದನ್ನು ತನ್ನ ಯಂತ್ರದಲ್ಲಿ ಸ್ಥಾಪಿಸಿ, ಅದರ ನಿಯಮಾವಳಿಯನ್ನು ಓದಿಕೊಳ್ಳಬೇಕು. ಹಲವು ಯೋಜನೆಗಳಲ್ಲಿ ಹೊಸಬರಿಗೆಂದೇ ಸುಲಭದ ಕೆಲಸಗಳನ್ನು ಗುರುತುಹಾಕಿ ಇಟ್ಟಿರುತ್ತಾರೆ. ಅವುಗಳಲ್ಲಿ ಒಂದನ್ನು, ಒಂದನ್ನೇ, ಹಿಡಿಯಬೇಕು. ಲಿಬ್ರೆ ಆಫೀಸಿನಂಥ ತಂತ್ರಾಂಶದ ಕನ್ನಡ ಅನುವಾದವನ್ನು ನೋಡಿ, ತಪ್ಪು ಕಂಡ ನಾಲ್ಕು ಮಾತುಗಳನ್ನು ತಿದ್ದಿ ಕಳುಹಿಸಿದರೂ ಅದು ಒಳ್ಳೆಯ ಆರಂಭವೇ. ತಿಳಿಯದುದನ್ನು ನಾಚದೆ ಕೇಳಬೇಕು. ತಿಳಿದ ಮೇಲೆ ಪಕ್ಕದಲ್ಲಿ ಕುಳಿತ ಹೊಸಬನಿಗೆ ಹೇಳಿಕೊಡಬೇಕು. ಹಾಗೆ ಹೇಳಿಕೊಟ್ಟಾಗಲೇ ಮುಯ್ಯಿ ತೀರುವುದು.

ಮಕ್ಕಳು ಇಂಥ ಕೂಟದಿಂದ ಹಿಂದಿರುಗಿದಾಗ ಹಿರಿಯರು ‘ಏನು ಗೆದ್ದೆ?’ ಎಂದು ಕೇಳುವುದುಂಟು. ‘ಯಾವುದನ್ನು ತಿದ್ದಿದೆ? ನಿನ್ನನ್ನು ಯಾರು ತಿದ್ದಿದರು?’ ಎಂದು ಕೇಳುವುದು ಅದಕ್ಕಿಂತ ಉಚಿತವಾದುದು. ಮೊದಲನೆಯ ಪ್ರಶ್ನೆಗೆ ಹೆಚ್ಚಿನ ಮಕ್ಕಳು ತಲೆತಗ್ಗಿಸಿಯೇ ಉತ್ತರ ಹೇಳಬೇಕಾಗುತ್ತದೆ. ಎರಡನೆಯದಕ್ಕೆ, ಪ್ರಾಮಾಣಿಕವಾಗಿ ದುಡಿದ ಪ್ರತಿಯೊಬ್ಬ ಮಗನಿಗೂ ಮಗಳಿಗೂ ತಲೆಯೆತ್ತಿ ಹೇಳುವಂಥ ಒಂದು ಉತ್ತರವಿರುತ್ತದೆ.